ಕೈಗುಣ ಅಲ್ಲ, ತಗ್ಗಿನ ಗುಣ

ಪ್ರಶ್ನೆ: ರಾಯಚೂರಿನ ಹೊಸ ಲೇಔಟ್ ಒಂದರಲ್ಲಿ ಮನೆ ಕಟ್ಟಿಸಿದ್ದೇವೆ. ಮನೆ ಮುಂದೆ 20 ಅಡಿ ಉದ್ದ, 15 ಅಡಿ ಅಗಲದ ಜಾಗ ಇದೆ. ಫೆಬ್ರುವರಿಯಲ್ಲಿ ಗೃಹಪ್ರವೇಶ ಮುಗಿದ ಕೂಡಲೇ ಯೂಟ್ಯೂಬ್ ನೋಡಿ ನಾವೇ ತೋಟ ಮಾಡಿದೆವು. ಎರೆ (ಕಪ್ಪು) ಮಣ್ಣಿನಲ್ಲಿ ಎರಡಡಿ ತಗ್ಗು ತೋಡಿ, ಒಂದು ಟ್ರ್ಯಾಕ್ಟರ್ ಕೆಂಪು ಮಣ್ಣು ತರಿಸಿ ತುಂಬಿ, ಗುಲಾಬಿ, ದಾಸವಾಳ, ಲಿಂಬೆ ಹಚ್ಚಿದೆವು. ನಡುವೆ ಲಾನ್ ಹಾಕಿದೆವು. ಬೇಸಿಗೆಯಲ್ಲಿ ಲಾನ್ ಸುಟ್ಟುಹೋಯಿತು. ಗಿಡಗಳು ಹೇಗೋ ಬದುಕಿದವು, ಆದರೆ ಸೆಪ್ಟೆಂಬರ್ ಮಳೆಗೆ ಗುಲಾಬಿ, ಲಿಂಬೆ ಎರಡೂ ಸತ್ತವು. ಉಳಿದ ದಾಸವಾಳದ ಎಲೆ ಹಳದಿ. ನೀರು ದಂಡ ಮಾಡಬಾರದು ಅಂತ ಆರ್‌ಓ ಫಿಲ್ಟರ್‌ನಿಂದ ಹೊರಬರುವ ನೀರನ್ನೂ ಗಿಡಕ್ಕೇ ಹಾಕುತ್ತೇವೆ. ನಮ್ಮತ್ತೆ "ನಿನ್ನ ಕೈಗುಣ ಸರಿಯಿಲ್ಲ" ಅನ್ನುತ್ತಾರೆ. ತಪ್ಪು ಎಲ್ಲಾಗಿದೆ?

ಉತ್ತರ: ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ಕೈಗುಣದ ಮಾತು ಸದ್ಯಕ್ಕೆ ಬದಿಗಿಡಲಿ. ಬೇಸಿಗೆ ದಾಟಿದ ಗಿಡ ಮಳೆಗೆ ಸತ್ತಿದೆ ಅಂದರೆ ಅದು ಬಾಯಾರಿ ಸತ್ತದ್ದಲ್ಲ, ಮುಳುಗಿ ಸತ್ತದ್ದು.

ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಒಮ್ಮೆ ಉಬ್ಬಿ ಬಿಗಿಯಾದರೆ ನೀರು ಅದರೊಳಗೆ ಇಳಿಯುವುದು ಬಹಳ ನಿಧಾನ. ಕೆಂಪು ಮಣ್ಣಿನಲ್ಲಿ ಹಾಗಲ್ಲ, ನೀರು ಸರಸರ ಇಳಿಯುತ್ತದೆ. ನೀವು ಎರೆಯಲ್ಲಿ ತಗ್ಗು ತೋಡಿ ಕೆಂಪು ಮಣ್ಣು ತುಂಬಿದಿರಿ. ಮಳೆ ನೀರು ಕೆಂಪು ಮಣ್ಣಿನಲ್ಲಿ ಇಳಿಯಿತು, ತಗ್ಗಿನ ತಳಕ್ಕೆ ಹೋಗಿ ನಿಂತಿತು. ಮುಂದಕ್ಕೆ ದಾರಿ ಇಲ್ಲ. ಅಂದರೆ ನೀವು ತೋಡಿದ್ದು ತಗ್ಗಲ್ಲ, ಬಟ್ಟಲು. ನಮ್ಮ ಕಡೆ ಸೆಪ್ಟೆಂಬರ್‌ನಲ್ಲೇ ಮಳೆ ಜಾಸ್ತಿ. ಬೇರಿಗೆ ಗಾಳಿ ಸಿಗದೆ ಕೊಳೆತಿರುತ್ತದೆ. ಸತ್ತ ಲಿಂಬೆ ಗಿಡ ಇನ್ನೂ ಅಲ್ಲೇ ಇದ್ದರೆ ಕಿತ್ತು ನೋಡಿ. ಬೇರು ಕಪ್ಪಾಗಿ, ಮೇಲಿನ ಸಿಪ್ಪೆ ಬೆರಳಿಗೆ ಸುಲಿದು ಬಂದರೆ ಅನುಮಾನವೇ ಬೇಡ.

ಆ ವಿಡಿಯೊಗಳು ಸುಳ್ಳು ಹೇಳುತ್ತವೆ ಅಂತಲ್ಲ. ಅವುಗಳಲ್ಲಿ ಹೆಚ್ಚಿನವು ಮಸಾರಿ, ಅಂದರೆ ಕೆಂಪು ಮಣ್ಣಿನ ನೆಲದಲ್ಲಿ ನಿಂತು ಮಾಡಿದವು. ಅಲ್ಲಿಯ ಉಪಾಯ ಎರೆಗೆ ಒಗ್ಗುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಒಂದು ತಗ್ಗು ತೋಡಿ ಸಂಜೆ ಬಾಯಿ ತನಕ ನೀರು ತುಂಬಿಸಿ. ಬೆಳಿಗ್ಗೆ ಎದ್ದಾಗ ನೀರು ಇನ್ನೂ ನಿಂತಿದ್ದರೆ ಆ ಜಾಗದಲ್ಲಿ ಕೆಳಗೆ ಹೋಗಬೇಡಿ, ಮೇಲೆ ಬನ್ನಿ. ಒಂದೂವರೆ ಅಡಿ ಎತ್ತರದ ಮಡಿ ಕಟ್ಟಿ ಅದರ ಮೇಲೆ ಗಿಡ ಹಚ್ಚಿ. ನೀವು ತರಿಸಿದ ಕೆಂಪು ಮಣ್ಣು ವ್ಯರ್ಥ ಆಗಲಿಲ್ಲ, ತಗ್ಗಿನಿಂದ ತೆಗೆದು ಮಡಿಗೆ ಹಾಕಿ. ಎರಡು ಪಾಲು ಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಬೆರೆಸಿ. ಖಾಲಿಯಾದ ತಗ್ಗಿಗೆ ಅಲ್ಲಿಯದೇ ಎರೆ ಮಣ್ಣು ವಾಪಸ್ ತುಂಬಿ ತುಳಿಯಿರಿ. ನೀರು ತಗ್ಗಿನಲ್ಲಿ ರಾತ್ರಿಯೇ ಇಂಗಿದ್ದರೆ ಎತ್ತರದ ಮಡಿ ಬೇಡ. ಅದೇ ಎರೆಗೆ ಗೊಬ್ಬರ ಕೂಡಿಸಿ ಅಲ್ಲೇ ಹಚ್ಚಬಹುದು. ಎರೆ ಹಸಿ ಇದ್ದಾಗ ಮಾತ್ರ ಸಲಿಕೆ ಹಾಕಬೇಡಿ, ತಗ್ಗಿನ ಗೋಡೆ ಗಡಿಗೆಯ ಹಾಗೆ ನುಣುಪಾಗಿ ಬಿಡುತ್ತದೆ. ನಾಲ್ಕು ಪುಟ್ಟಿ ಮರಳು ಕಲಸಿದರೆ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಸುಮ್ನೆ ತಲೆ ಅಲ್ಲಾಡಿಸಿ ಬನ್ನಿ. ಅಷ್ಟು ಮರಳಿಗೆ ಎರೆಯ ಗುಣ ಬದಲಾಗುವುದಿಲ್ಲ.

ಅಕ್ಕಿ ಗಿರಣಿಯಲ್ಲಿ ಪುಕ್ಕಟೆ ಸಿಗುವ ಹೊಟ್ಟಿನ ಬೂದಿಯನ್ನೂ ಸುರಿಯಬೇಡಿ. ಎರೆ ಮಣ್ಣು ಮೊದಲೇ ಕ್ಷಾರ, ಬೂದಿಯೂ ಕ್ಷಾರ. ಗಿಡದ ಬುಡಕ್ಕೆ ಹೊದಿಸಲು ಶೇಂಗಾ ಹೊಟ್ಟು ಅಥವಾ ಭತ್ತದ ಹುಲ್ಲು ಒಳ್ಳೆಯದು. ಮೂರು ಇಂಚು ದಪ್ಪ ಹರಡಿ, ಕಾಂಡಕ್ಕೆ ತಾಗದಂತೆ.

ಇನ್ನು ಹಳದಿ ಎಲೆ. ದಾಸವಾಳದ ಯಾವ ಎಲೆ ಹಳದಿ ಅಂತ ನೀವು ಬರೆದಿಲ್ಲ. ತುದಿಯ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದಿದ್ದರೆ ಅದು ಕಬ್ಬಿಣದ ಕೊರತೆ. ಕಬ್ಬಿಣ ಮಣ್ಣಿನಲ್ಲಿ ಇರುತ್ತದೆ, ಆದರೆ ಕ್ಷಾರ ಜಾಸ್ತಿ ಇದ್ದಾಗ ಬೇರಿಗೆ ಅದು ದಕ್ಕುವುದಿಲ್ಲ. ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಲೀಟರ್ ನೀರಿಗೆ 5 ಗ್ರಾಂ ಕರಗಿಸಿ, ಅರ್ಧ ಲಿಂಬೆಹಣ್ಣು ಹಿಂಡಿ, ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. ಹತ್ತು ದಿನ ಬಿಟ್ಟು ಇನ್ನೊಮ್ಮೆ. ಕಲಸಿದ ದಿನವೇ ಬಳಸಿ, ಇಟ್ಟರೆ ಕೆಡುತ್ತದೆ. ಬಿಳಿ ಗೋಡೆ, ಟೈಲ್ಸ್ ಹತ್ತಿರ ಹುಷಾರು, ತುಕ್ಕಿನ ಕಲೆ ಹೋಗುವುದಿಲ್ಲ. ಬುಡದ ಹಳೆ ಎಲೆಗಳೂ ಹಳದಿಯಾಗಿದ್ದರೆ ಕಾರಣ ಬೇರೆ, ನಿಮ್ಮಲ್ಲಿ ಬಹುಶಃ ಅದೇ ನಿಂತ ನೀರು.

ಆರ್‌ಓ ನೀರಿನ ವಿಷಯಕ್ಕೆ ಬರೋಣ. ನೀರು ಉಳಿಸುವ ನಿಮ್ಮ ಬುದ್ಧಿ ಒಳ್ಳೆಯದೇ, ದಾರಿ ತಪ್ಪು. ಫಿಲ್ಟರ್ ಕುಡಿಯುವ ನೀರಿನಿಂದ ಉಪ್ಪು ತೆಗೆದು ಹೊರಗೆ ಹಾಕುವ ನೀರಿಗೆ ಸೇರಿಸುತ್ತದೆ. ಮೊದಲೇ ಸವುಳಾದ ಬೋರ್ ನೀರಾಗಿದ್ದರೆ ಹೊರಬರುವುದು ಇನ್ನಷ್ಟು ಸವುಳು. ಆ ನೀರನ್ನು ನೆಲ ಒರೆಸಲು, ಬಚ್ಚಲು ತೊಳೆಯಲು ಬಳಸಿ. ಎಸಿಯಿಂದ ತೊಟ್ಟಿಕ್ಕುವ ನೀರಿದೆಯಲ್ಲ, ಅದರಲ್ಲಿ ಉಪ್ಪು ಇರುವುದೇ ಇಲ್ಲ ಅನ್ನಬಹುದು. ಕುಂಡಗಳಿಗೆ ಅದನ್ನು ಹಾಕಿ. ಎಲೆಯ ಅಂಚು ಸುಟ್ಟಂತೆ ಕಂದಾಗುವುದು, ಕುಂಡದ ಮೈಮೇಲೆ ಬಿಳಿ ಪುಡಿ ಕಟ್ಟುವುದು ಉಪ್ಪಿನ ಗುರುತು. ಮತ್ತೆ ಖರ್ಚು ಮಾಡುವ ಮುಂಚೆ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು, ನೀರು ಎರಡನ್ನೂ ಪರೀಕ್ಷೆ ಮಾಡಿಸಿ. ಕೃಷಿ ವಿಶ್ವವಿದ್ಯಾಲಯ ಇರುವ ಊರಲ್ಲಿದ್ದೀರಿ, ಉಪಯೋಗಿಸಿಕೊಳ್ಳಬೇಕಲ್ವಾ?

ಲಾನ್ ಬಗ್ಗೆ ನನಗೆ ಪೂರ್ವಗ್ರಹ ಇದೆ, ಮೊದಲೇ ಒಪ್ಪಿಕೊಳ್ಳುತ್ತೇನೆ. ನಾನೂ ಒಮ್ಮೆ ಹಾಕಿದ್ದೆ, ಎರಡು ಬೇಸಿಗೆಯಲ್ಲಿ ಎರಡು ಸಲ ಒಣಗಿತು. ಲೆಕ್ಕ ನೋಡಿ. ಒಂದು ಚದರ ಮೀಟರ್ ನೆಲದ ಮೇಲೆ 1 ಮಿಲಿಮೀಟರ್ ನೀರು ಅಂದರೆ 1 ಲೀಟರ್. ನಿಮ್ಮ ಜಾಗ ಸುಮಾರು 28 ಚದರ ಮೀಟರ್, ಪೂರ್ತಿ ಹುಲ್ಲೇ ಅಂತ ಇಟ್ಟುಕೊಳ್ಳಿ. ನಮ್ಮ ಏಪ್ರಿಲ್, ಮೇ ಬಿಸಿಲಿಗೆ ದಿನಕ್ಕೆ 6 ಮಿಲಿಮೀಟರ್ ಅಂತ ಹಿಡಿದರೂ ಸುಮಾರು 170 ಲೀಟರ್ ಬೇಕು. ದಿನಾ! ನಳದ ನೀರಿಗೆ ಕೊಡ ಇಟ್ಟು ಕಾಯುವ ತಿಂಗಳಲ್ಲಿ ಹುಲ್ಲಿಗೆ 170 ಲೀಟರ್ ಹಾಕಲು ನನಗಂತೂ ಮನಸ್ಸು ಬರಲಿಲ್ಲ. ಹುಲ್ಲು ಬೇಕೇ ಬೇಕು ಅನಿಸಿದರೆ ಮೆಟ್ಟಿಲ ಪಕ್ಕ ಚಾಪೆಯಷ್ಟು ಹಾಕಿ. ಉಳಿದ ಕಡೆ ಗರಸು (ಸಣ್ಣ ಕಲ್ಲು ಬೆರೆತ ಮಣ್ಣು) ಹಾಸಿ, ಅದರ ಮೇಲೆ ಶಹಾಬಾದ್ ಕಲ್ಲನ್ನು ನಡುವೆ ಸಂದು ಬಿಟ್ಟು ಕೂರಿಸಿ. ಸಿಮೆಂಟ್ ಹಾಕಿ ಬಿಗಿ ಮಾಡಬೇಡಿ. ಕೆಳಗೆ ಎರೆ ಉಬ್ಬಿ ಇಳಿದಾಗ ಸಿಮೆಂಟ್ ಸೀಳುತ್ತದೆ, ಬಿಡಿ ಕಲ್ಲಾದರೆ ಎತ್ತಿ ಮತ್ತೆ ಕೂರಿಸಬಹುದು.

ಗಿಡಗಳನ್ನು ಈಗ ಕೊಳ್ಳಬೇಡಿ. ಮೃಗಶಿರ ಮಳೆ ಬಿದ್ದ ಮೇಲೆ ಹಚ್ಚಿ. ಬೇರು ಬಿಡಲು ಏಳೆಂಟು ತಿಂಗಳು ಸಿಕ್ಕರೆ ಮುಂದಿನ ಬಿಸಿಲು ತಡೆಯುತ್ತವೆ. ಕಾಗದದ ಹೂ, ನಂದಿಬಟ್ಟಲು, ಪಾರಿಜಾತ ಮೊದಲ ವರ್ಷಕ್ಕೆ ಸಾಕು. ಕಣಗಿಲೆಯೂ ಚೆನ್ನಾಗಿ ಬರುತ್ತದೆ, ಆದರೆ ಅದು ವಿಷ, ಸಣ್ಣ ಮಕ್ಕಳಿದ್ದರೆ ಬೇಡ. ಗುಲಾಬಿ ಮೇಲೆ ಆಸೆ ಇದ್ದರೆ ಕುಂಡದಲ್ಲಿ ಬೆಳೆಸಿ, ಮಧ್ಯಾಹ್ನದ ನಂತರ ನೆರಳು ಬೀಳುವ ಕಡೆ ಇಡಿ.

ಪ್ರಶ್ನೆ: ಸಿಂಧನೂರಿನಲ್ಲಿ ನಮ್ಮ ಕಾಂಪೌಂಡ್ ಗೋಡೆಯಿಂದ ನಾಲ್ಕಡಿ ದೂರದಲ್ಲಿ ಬೇವಿನ ಮರ ಇದೆ. ಗೋಡೆಯಲ್ಲಿ ಬಿರುಕು ಬಂದಿದೆ. ಬೇಸಿಗೆಯಲ್ಲಿ ಬೆರಳು ಹೋಗುವಷ್ಟು ಅಗಲ, ಮಳೆಗಾಲದಲ್ಲಿ ಕೂಡಿಕೊಳ್ಳುತ್ತದೆ. ಬೇವು ಕಡಿದು ಬೇಗ ಬೆಳೆಯುವ ಕೋನೋಕಾರ್ಪಸ್ ಮರಗಳ ಸಾಲು ಹಾಕಲೇ?

ಉತ್ತರ: ಬಿರುಕು ತೆರೆಯುವುದು, ಮುಚ್ಚುವುದು ನೋಡಿದರೆ ಮುಖ್ಯ ಕಾರಣ ಎರೆ ನೆಲದ ಉಬ್ಬರ ಇಳಿತ. ಬೇವಿನ ಬೇರು ಬೇಸಿಗೆಯಲ್ಲಿ ಅಲ್ಲಿಯ ಪಸೆ ಹೀರಿ ಅದನ್ನು ಹೆಚ್ಚು ಮಾಡಿರಬಹುದು. ಹಾಗಂತ ಮರವನ್ನು ಒಂದೇ ಏಟಿಗೆ ಕಡಿದರೆ, ಹೀರುವವರಿಲ್ಲದೆ ನೆಲ ನೀರು ಹಿಡಿದು ಉಬ್ಬಿ ಗೋಡೆಯನ್ನು ಇನ್ನೊಂದು ಕಡೆಗೆ ತಳ್ಳಬಹುದು. ಸದ್ಯಕ್ಕೆ ಕೊಂಬೆ ಸವರಿ ಮರದ ಭಾರ ಕಡಿಮೆ ಮಾಡಿ. ಮಾಳಿಗೆಯ ಪೈಪಿನ ನೀರು ಗೋಡೆ ಬುಡಕ್ಕೆ ಬೀಳುತ್ತಿದ್ದರೆ ದೂರ ತಿರುಗಿಸಿ. ಬಿರುಕು ವರ್ಷದಿಂದ ವರ್ಷಕ್ಕೆ ಅಗಲ ಆಗುತ್ತಿದ್ದರೆ ಎಂಜಿನಿಯರ್‌ಗೆ ತೋರಿಸಿ. ದೊಡ್ಡ ಮರ ತಾನು ಬೆಳೆಯುವ ಎತ್ತರದಷ್ಟು ದೂರ ಇದ್ದರೆ ಗೋಡೆಗೆ ಭಯವಿಲ್ಲ ಅಂತ ಹೇಳುತ್ತೇವೆ. 30-40 ಸೈಟಿನಲ್ಲಿ ಅದು ಕನಸಿನ ಮಾತು, ಬಿಡಿ.

ಕೋನೋಕಾರ್ಪಸ್ ಬೇಡವೇ ಬೇಡ. ಅದರ ಬೇರು ನೀರಿನ ಪೈಪ್, ಚರಂಡಿ ಹುಡುಕಿಕೊಂಡು ಹೋಗುತ್ತದೆ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ಬೇವನ್ನು ತೆಗೆದು ಅದನ್ನು ತರುವುದು ಅಂದರೆ ಮನೆಯ ಹಿರಿಯರನ್ನು ಕಳಿಸಿ ಬಾಡಿಗೆಯವರನ್ನು ಕೂರಿಸಿದ ಹಾಗೆ.

ಪ್ರಶ್ನೆ: ಕೊಪ್ಪಳದಲ್ಲಿ ನಮ್ಮ ದುಂಡುಮಲ್ಲಿಗೆ ಮೂರು ವರ್ಷದ್ದು. ಪೊದೆ ಕಟ್ಟಿದೆ, ಹೂ ಮಾತ್ರ ಮುಡಿಗೂ ಸಾಲದು.

ಉತ್ತರ: ಕತ್ತರಿ ಹಾಕಿಲ್ಲ ಅನಿಸುತ್ತದೆ. ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನಲ್ಲಿ. ನವೆಂಬರ್ ಕೊನೆಗೆ ನೀರು ನಿಲ್ಲಿಸಿ, ಡಿಸೆಂಬರ್‌ನಲ್ಲಿ ನೆಲದಿಂದ ಒಂದೂವರೆ ಅಡಿ ಬಿಟ್ಟು ಮೇಲಿನದನ್ನೆಲ್ಲ ಸವರಿ, ಉಳಿದ ಎಲೆ ಉದುರಿಸಿ. ಬುಡ ಕೆದಕಿ ಒಂದು ಪುಟ್ಟಿ ಗೊಬ್ಬರ ಹಾಕಿ ಮತ್ತೆ ನೀರು ಶುರು ಮಾಡಿ. ಗಿಡ ಬೋಳಾದಾಗ ಮನೆಯವರು ಬೈಯುತ್ತಾರೆ. ಮಾರ್ಚ್ ತನಕ ಬೈಸಿಕೊಳ್ಳಿ.