ಓದುಗರ ಪ್ರಶ್ನೆ: ಕೊಡಗಿನ 1834

ಪ್ರಶ್ನೆ: ನಮ್ಮ ಅಜ್ಜ ಕುಶಾಲನಗರವನ್ನು ಕೊನೆಯವರೆಗೂ ಫ್ರೇಜರ್‌ಪೇಟೆ ಎಂದೇ ಕರೆಯುತ್ತಿದ್ದರು. ಈ ಫ್ರೇಜರ್ ಯಾರು? 1834ರಲ್ಲಿ ಕೊಡಗು ಯುದ್ಧವೇ ಇಲ್ಲದೆ ಇಂಗ್ಲಿಷರ ಕೈಸೇರಿತು ಎನ್ನುವುದು ನಿಜವೇ?
— ಸುಂಟಿಕೊಪ್ಪದ ಓದುಗರು

ಉತ್ತರ: ಕರ್ನಲ್ ಫ್ರೇಜರ್ ಆ ವರ್ಷ ದಂಡಿನೊಂದಿಗೆ ಬಂದ ಈಸ್ಟ್ ಇಂಡಿಯಾ ಕಂಪನಿಯ ರಾಜಕೀಯ ಪ್ರತಿನಿಧಿ, ಸೇನೆಯ ಮುಖ್ಯಸ್ಥ ಕರ್ನಲ್ ಲಿಂಡ್ಸೆ. ಕೊಡಗನ್ನು ಆಳುತ್ತಿದ್ದ ಹಾಲೇರಿ ವಂಶದ ರಾಜ ಚಿಕ್ಕವೀರರಾಜೇಂದ್ರನ ತಂಗಿ ದೇವಮ್ಮಾಜಿಯೂ ಅವಳ ಗಂಡ ಚೆನ್ನಬಸಪ್ಪನೂ ಮೈಸೂರು ಸೀಮೆಗೆ ಓಡಿಹೋಗಿ ಬ್ರಿಟಿಷರ ಆಶ್ರಯ ಪಡೆದಿದ್ದರು. ಅವರನ್ನು ಒಪ್ಪಿಸಬೇಕೆಂದು ರಾಜ ಪಟ್ಟುಹಿಡಿದದ್ದು, ಮಾತುಕತೆಗೆ ಬಂದಿದ್ದ ಕಂಪನಿಯ ದೂತನನ್ನು ತಡೆದಿಟ್ಟುಕೊಂಡದ್ದು ಜಗಳಕ್ಕೆ ನೆಪವಾಯಿತು.

ಯುದ್ಧವೇ ಆಗಲಿಲ್ಲವೆಂಬ ಮಾತು ಉತ್ತರ ಕೊಡಗಿನ ಮಟ್ಟಿಗಂತೂ ಸುಳ್ಳು. ನಾಲ್ಕು ದಿಕ್ಕಿನಿಂದ ಬಂದ ತುಕಡಿಗಳಲ್ಲಿ ಕರ್ನಲ್ ವಾ ನಡೆಸಿದ್ದು ಏಪ್ರಿಲ್ 3ರಂದು ಬಕ್ಕದ ಬಳಿ ಕಾಡಿನ ನಡುವೆ ಮರದ ದಿಮ್ಮಿಗಳಿಂದ ಕಟ್ಟಿದ್ದ ತಡೆಗೋಡೆಗೆ ಮುಗಿಬಿದ್ದು, ಒಳಗಿನಿಂದ ಹಾರಿಬಂದ ಗುಂಡುಗಳಿಗೆ ಲೆಫ್ಟಿನೆಂಟ್ ಕರ್ನಲ್ ಮಿಲ್ ಸೇರಿದಂತೆ ಹಲವರನ್ನು ಕಳೆದುಕೊಂಡು ಹಿಂದೆ ಸರಿಯಿತು. ಕರಾವಳಿಯ ಕಡೆಯಿಂದ ಬಂದ ಜ್ಯಾಕ್ಸನ್‌ನ ತುಕಡಿಯೂ ಸೋತು ಮರಳಿತು. ಆದರೆ ರಾಜನಿಗೆ ಕಾದಬೇಕೋ ಶರಣಾಗಬೇಕೋ ಎಂಬುದೇ ನಿಶ್ಚಯವಾಗಿರಲಿಲ್ಲ. ದಿವಾನ ಅಪ್ಪಾರಂಡ ಬೋಪು ಪೂರ್ವದ ತುಕಡಿಯನ್ನು ಎದುರುಗೊಂಡು ಮಡಿಕೇರಿಗೆ ಕರೆತಂದನು. ಅವನದು ದ್ರೋಹವೇ, ರಾಜನ ಕ್ರೌರ್ಯಕ್ಕೆ ರೋಸಿದ ಮುಖಂಡರ ವಿವೇಕವೇ ಎಂಬ ಚರ್ಚೆ ನಮ್ಮಲ್ಲಿ ಇನ್ನೂ ನಡೆಯುತ್ತದೆ; ಬಕ್ಕದಲ್ಲಿ ಕಾದಿದವರೂ ಇದೇ ನಾಡಿನವರೆಂಬುದನ್ನು ಮರೆತು ಆ ಚರ್ಚೆ ಮಾಡಬಾರದೆಂಬುದಷ್ಟೇ ನನ್ನ ಅಭಿಪ್ರಾಯ. ಏಪ್ರಿಲ್ 6ರಂದು ಮಡಿಕೇರಿ ಕೋಟೆಯ ಮೇಲೆ ಕಂಪನಿಯ ಬಾವುಟ ಏರಿತು. ನಾಲ್ಕುನಾಡು ಅರಮನೆಗೆ ಹೋಗಿದ್ದ ರಾಜ ಕೆಲವೇ ದಿನಗಳಲ್ಲಿ ಶರಣಾಗಿ, ಮುಂದೆ ಕಾಶಿಯಲ್ಲಿ ನೆಲೆಸಬೇಕಾಯಿತು.

ಮೇ 7ರ ಘೋಷಣೆಯಲ್ಲಿ ಫ್ರೇಜರ್, ಕೊಡಗಿನ ಜನರೆಲ್ಲರ ಇಚ್ಛೆಯಂತೆಯೇ ನಾಡನ್ನು ಕಂಪನಿಗೆ ಸೇರಿಸಿಕೊಳ್ಳುತ್ತಿರುವುದಾಗಿಯೂ ಇಲ್ಲಿನ ಧರ್ಮ, ಪದ್ಧತಿಗಳನ್ನು ಗೌರವಿಸುವುದಾಗಿಯೂ ಸಾರಿದನು. ಜನರ ಇಚ್ಛೆಯನ್ನು ಗೆದ್ದವರೇ ಬರೆದುಕೊಂಡದ್ದು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವನ ಹೆಸರನ್ನೇ ಕುಶಾಲನಗರಕ್ಕೆ ಇಟ್ಟರು.

ಪ್ರಶ್ನೆ: ಸುಳ್ಯ ಹಿಂದೆ ಕೊಡಗಿನಲ್ಲಿತ್ತಂತೆ. ಹೊರಗೆ ಹೋದದ್ದು ಹೇಗೆ?
— ಸಂಪಾಜೆಯ ಓದುಗರು

ಉತ್ತರ: ಅದೂ 1834ರ ಪರಿಣಾಮವೇ. ಕೊಡಗನ್ನು ವಶಪಡಿಸಿಕೊಂಡ ಕಂಪನಿ ಘಟ್ಟದ ಕೆಳಗಿನ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಿತು. ಅಲ್ಲಿಯವರೆಗೆ ಬೆಳೆದ ಧಾನ್ಯದಲ್ಲೇ ಕಂದಾಯ ಒಪ್ಪಿಸುತ್ತಿದ್ದ ರೈತರು ಇನ್ನು ಮುಂದೆ ನಗದನ್ನು ಎಣಿಸಬೇಕಾಯಿತು. ಹಣ ಬೇಕಾದರೆ ಬತ್ತವನ್ನು ಸಿಕ್ಕ ಬೆಲೆಗೆ ಮಾರಬೇಕು. ಈ ಸಿಟ್ಟು 1837ರಲ್ಲಿ ಬಂಡಾಯವಾಗಿ, ದಂಗೆಯೆದ್ದವರು ಮಂಗಳೂರನ್ನು ಹಿಡಿದು ಸುಮಾರು ಎರಡು ವಾರ ಆಳಿದರು. ಕರಾವಳಿಯವರು ಅದನ್ನು ‘ಕಲ್ಯಾಣಪ್ಪನ ಕಾಟಕಾಯಿ’, ಅಂದರೆ ಕಲ್ಯಾಣಪ್ಪನ ಹೆಸರಿನಲ್ಲಿ ನಡೆದ ದಾಳಿ, ಎನ್ನುತ್ತಾರೆ. ಮುಂದಾಳುಗಳಲ್ಲೊಬ್ಬನಾದ ಗುಡ್ಡೆಮನೆ ಅಪ್ಪಯ್ಯಗೌಡನನ್ನು ಅದೇ ವರ್ಷದ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯ ಬಳಿ ಗಲ್ಲಿಗೇರಿಸಲಾಯಿತು.