ಅಮೆರಿಕದ ಟರ್ನ್‌ಟೇಬಲ್, ನಮ್ಮೂರಿನ ಕರೆಂಟು

ಪ್ರಶ್ನೆ: ಅಮೆರಿಕದಲ್ಲಿರುವ ಮಗಳು ಬೇಸಿಗೆ ರಜೆಗೆ ಬಂದಾಗ ಅಲ್ಲಿಯ ಹಳೆಯ ಟರ್ನ್‌ಟೇಬಲ್ (ರೆಕಾರ್ಡ್ ನುಡಿಸುವ ಯಂತ್ರ) ಒಂದನ್ನೂ ಎಪ್ಪತ್ತರ ದಶಕದ ಕಂಟ್ರಿ ರಾಕ್, ಅಂದರೆ ಅಮೆರಿಕದ ಹಳ್ಳಿಗಾಡಿನ ಶೈಲಿಯನ್ನು ರಾಕ್ ಸಂಗೀತಕ್ಕೆ ಬೆರೆಸಿದ ಹಾಡುಗಳ ಸಂಕಲನದ ಎಲ್‌ಪಿ ರೆಕಾರ್ಡನ್ನೂ ತಂದುಕೊಟ್ಟಳು. ಯಂತ್ರದ ಅಡಿಯಲ್ಲಿ 120 ವೋಲ್ಟ್, 60 ಹರ್ಟ್ಸ್ ಎಂದಿದ್ದುದರಿಂದ ಟ್ರಾನ್ಸ್‌ಫಾರ್ಮರ್ ಕೊಂಡು ಅದರ ಮೂಲಕವೇ ಜೋಡಿಸಿದ್ದೇನೆ. ಹಾಡೇನೋ ಕೇಳಿಸುತ್ತದೆ, ಆದರೆ ಗಾಯಕರೆಲ್ಲ ನಿದ್ದೆಗಣ್ಣಿನಲ್ಲಿ ಹಾಡಿದಂತಿದೆ, ಹೆಣ್ಣುದನಿಯೂ ಗಂಡುದನಿಯಂತಿದೆ. ಈ ಸಂಗೀತದ ಸ್ವಭಾವವೇ ಇಂಥದ್ದೇ?
— ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಖಂಡಿತ ಅಲ್ಲ. ತಾವು ಆ ಹಾಡುಗಳನ್ನು ಇನ್ನೂ ಕೇಳಿಯೇ ಇಲ್ಲ ಎನ್ನಬೇಕು. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆಯೇ ಹೊರತು ಕರೆಂಟಿನ ಆವರ್ತನವನ್ನು, ಅಂದರೆ ಅದು ಸೆಕೆಂಡಿಗೆ ಎಷ್ಟು ಸಲ ಹಿಂದುಮುಂದಾಗುತ್ತದೆ ಎಂಬ ಹರ್ಟ್ಸ್ ಲೆಕ್ಕವನ್ನು, ಬದಲಿಸುವುದಿಲ್ಲ. ಆ ಕಾಲದ ಅನೇಕ ಟರ್ನ್‌ಟೇಬಲ್‌ಗಳ ಮೋಟಾರು ಆವರ್ತನವನ್ನೇ ಅನುಸರಿಸಿ ತಿರುಗುವಂಥದ್ದು. ಅಮೆರಿಕದಲ್ಲಿ ಅದು 60 ಹರ್ಟ್ಸ್, ನಮ್ಮಲ್ಲಿ 50. ಹೀಗಾಗಿ ನಿಮಿಷಕ್ಕೆ 33⅓ ಸುತ್ತು ಬರಬೇಕಾದ ತಟ್ಟೆ ತಮ್ಮ ಮನೆಯಲ್ಲಿ ಸುಮಾರು 27.8 ಸುತ್ತು ಬರುತ್ತಿದೆ. ಲಯ ಆರನೆಯ ಒಂದು ಪಾಲು ನಿಧಾನವಾಗುವುದರ ಜೊತೆಗೆ ಶ್ರುತಿಯೂ ಹಾರ್ಮೋನಿಯಂನ ಮೂರು ಮನೆಗಿಂತ ತುಸು ಹೆಚ್ಚೇ ಕುಸಿದು, ಷಡ್ಜ ನುಡಿಯಬೇಕಾದಲ್ಲಿ ಮಂದ್ರದ ಧೈವತ ನುಡಿಯುತ್ತದೆ. ಕಂಪನಿ ನಾಟಕಗಳ ಹಾರ್ಮೋನಿಯಂ ಕೇಳಿ ಬೆಳೆದ ಊರಿನವರಾದ ತಮ್ಮ ಕಿವಿಗೆ ಅದು ತಪ್ಪಾಗಿ ಕೇಳಿಸಿದ್ದು ಸಹಜವೇ ಆಗಿದೆ.

ಖಚಿತಪಡಿಸಿಕೊಳ್ಳಲು ತಟ್ಟೆಯ ಅಂಚಿಗೆ ಕಾಗದದ ಚೂರೊಂದನ್ನು ಅಂಟಿಸಿ, ಗಡಿಯಾರ ಹಿಡಿದು ಎಣಿಸಿ: ಮೂರು ನಿಮಿಷಕ್ಕೆ ಸರಿಯಾಗಿ 100 ಸುತ್ತು ಆಗಬೇಕು, ತಮ್ಮಲ್ಲಿ 83ರ ಆಸುಪಾಸು ಬರುತ್ತದೆ. 45ರ ಗುಂಡಿಗೆ ತಿರುಗಿಸಿ ಸರಿದೂಗಿಸುವ ಯೋಚನೆ ಬೇಡ, ಆಗ 37.5 ಸುತ್ತಾಗಿ ಗಾಯಕರೆಲ್ಲ ಅವಸರದಲ್ಲಿ ಕೀರಲು ದನಿಯಲ್ಲಿ ಹಾಡುತ್ತಾರೆ. ಬೆಲ್ಟ್ ಇರುವ ಯಂತ್ರವಾದರೆ ಮೋಟಾರಿನ ತುದಿಯ ಪುಲ್ಲಿಯನ್ನು ಬದಲಿಸುವುದೇ ಪರಿಹಾರ. ಅದೇ ಮಾದರಿಯ 50 ಹರ್ಟ್ಸ್ ಪುಲ್ಲಿ ಸಿಗದಿದ್ದರೆ ಕೈಕೆಲಸ ಬಲ್ಲ ಲೇತ್‌ನವರಲ್ಲಿ ಹಳೆಯದನ್ನು ಮಾದರಿಯಾಗಿ ಕೊಟ್ಟು, ಅದರ 1.2 ಪಟ್ಟು ವ್ಯಾಸದ ಹಿತ್ತಾಳೆಯ ಪುಲ್ಲಿ ಮಾಡಿಸಬಹುದು. ಬೆಲ್ಟಿನ ದಪ್ಪವನ್ನೂ ಲೆಕ್ಕಕ್ಕೆ ಹಿಡಿಯಬೇಕು, ಕೂದಲೆಳೆಯಷ್ಟು ಓರೆಯಾದರೂ ಶ್ರುತಿ ಅಲುಗುತ್ತದೆ. 60 ಹರ್ಟ್ಸ್‌ನ ಮೋಟಾರು 50ರಲ್ಲಿ ಹೆಚ್ಚು ಬಿಸಿಯಾಗುವುದರಿಂದ ಟ್ರಾನ್ಸ್‌ಫಾರ್ಮರಿನಲ್ಲಿ 100 ಅಥವಾ 110 ವೋಲ್ಟಿನ ಸಂಪರ್ಕವಿದ್ದರೆ ಅದನ್ನೇ ಬಳಸಿರಿ.

ಇಷ್ಟೆಲ್ಲ ಶ್ರಮ ಬೇಕೇ ಎಂದರೆ, ಬೇಕು ಎಂದೇ ನನ್ನ ಉತ್ತರ. ಕಂಟ್ರಿ ರಾಕ್‌ನ ಜೀವ ಪೆಡಲ್ ಸ್ಟೀಲ್ ಗಿಟಾರಿನಲ್ಲಿದೆ. ನಮ್ಮ ಗೋಟುವಾದ್ಯದಲ್ಲಿ ಕೊರಡನ್ನು ಜಾರಿಸುವಂತೆ ಇಲ್ಲಿ ಎಡಗೈ ಉಕ್ಕಿನ ಸರಳನ್ನು ತಂತಿಗಳ ಮೇಲೆ ಜಾರಿಸುತ್ತದೆ. ಜೊತೆಗೆ ಪಾದವೂ ಮೊಣಕಾಲೂ ಪೆಡಲುಗಳನ್ನೂ ಸನ್ನೆಕೋಲುಗಳನ್ನೂ ಒತ್ತಿ, ಒಂದು ತಂತಿ ಸ್ಥಿರವಾಗಿ ನಿಂತಿರುವಾಗಲೇ ಪಕ್ಕದ ತಂತಿಯ ಶ್ರುತಿಯನ್ನು ಮೇಲಕ್ಕೆ ಎಳೆಯುತ್ತವೆ. ಬರ್ಡ್ಸ್ ತಂಡ 1968ರಲ್ಲಿ ನ್ಯಾಶ್‌ವಿಲ್ಲಿಗೆ ಹೋಗಿ ಧ್ವನಿಮುದ್ರಿಸಿದಾಗ ಲಾಯ್ಡ್ ಗ್ರೀನ್ ನುಡಿಸಿದ್ದು ಈ ವಾದ್ಯವನ್ನೇ. ಮರುವರ್ಷ ಫ್ಲೈಯಿಂಗ್ ಬರಿಟೊ ಬ್ರದರ್ಸ್ ತಂಡದ ಮೊದಲ ಎಲ್‌ಪಿಯಲ್ಲಿ ರಾಕ್ ಗಿಟಾರಿನ ಜಾಗವನ್ನೇ ಬಹುಮಟ್ಟಿಗೆ ಇದು ಹಿಡಿಯಿತು. ಆ ಜಾರುವಿಕೆ ಸರಿಯಾದ ವೇಗದಲ್ಲಿ ಎದೆ ಹಿಂಡುತ್ತದೆ, ನಿಧಾನವಾದರೆ ಬರಿಯ ನರಳಾಟವೆನಿಸುತ್ತದೆ. ಪುಲ್ಲಿ ಬದಲಾದ ದಿನ ಮೊದಲು ಅದನ್ನು ಹುಡುಕಿ ಕೇಳಿರಿ.

ಪ್ರಶ್ನೆ: ನನ್ನಲ್ಲೂ ಅಂಥದೇ ಒಂದು ಸಂಕಲನವಿದೆ, ಒಂದೊಂದು ಬದಿಗೆ ಹತ್ತು ಹಾಡು. ಪ್ರತಿ ಬದಿಯ ಕೊನೆಯ ಎರಡು ಹಾಡುಗಳಲ್ಲಿ ಸಕಾರಗಳು ಒಡೆದು ಕೇಳಿಸುತ್ತವೆ. ತಟ್ಟೆ ಸವೆದಿದೆಯೇ?
— ಓದುಗರು, ಜೋಗಿಮಟ್ಟಿ ರಸ್ತೆ, ಚಿತ್ರದುರ್ಗ

ಉತ್ತರ: ಸವೆದೇ ಇರಬೇಕೆಂದಿಲ್ಲ. ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೀರು ಹಾದುಹೋದರೆ, ಒಳಗಿನ ಕೊನೆಯಲ್ಲಿ ಅದು 21ಕ್ಕೆ ಇಳಿಯುತ್ತದೆ. ಅದೇ ನಾದವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಕೆತ್ತಬೇಕಾಗುತ್ತದೆ. ಹತ್ತು ಹಾಡು ತುರುಕಿದ ಸಂಕಲನದಲ್ಲಿ ಗೀರುಗಳು ಕೇಂದ್ರದ ಲೇಬಲ್ಲಿನ ಸಮೀಪದವರೆಗೂ ಬರುವುದಲ್ಲದೆ, ಸದ್ದನ್ನೂ ತಗ್ಗಿಸಿ ಕೆತ್ತಿರುತ್ತಾರೆ. ಮುಳ್ಳಿನ ತುದಿಗೆ ಅಂಟಿದ ದೂಳನ್ನು ಮೃದುವಾದ ಬ್ರಷ್ಷಿನಿಂದ ಹಿಂದಿನಿಂದ ಮುಂದಕ್ಕೆ ಮಾತ್ರ ಒರೆಸಿ, ಕಾರ್ಟ್ರಿಜ್ (ಮುಳ್ಳನ್ನು ಹಿಡಿದಿರುವ ಭಾಗ) ತಯಾರಕರು ಹೇಳಿದಷ್ಟೇ ತೂಕ ಮುಳ್ಳಿನ ಮೇಲೆ ಬೀಳುವಂತೆ ಇಟ್ಟು ಮತ್ತೆ ಕೇಳಿ ನೋಡಿ. ಮೊದಲ ಹಾಡಿನಲ್ಲೂ ಸಕಾರ ಒಡೆಯುತ್ತಿದ್ದರೆ ಮುಳ್ಳನ್ನು ಬದಲಿಸಿರಿ.