ಶಿವರಾತ್ರಿಗೇ ನಿಂತುಹೋಗುವ ಹಳ್ಳವನ್ನು ಮತ್ತೆ ಬೇಸಿಗೆಯಲ್ಲೂ ಹರಿಸಲು ಆಗುತ್ತದೆಯೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಉತ್ತರ ಕನ್ನಡದ ಸಿದ್ದಾಪುರದ ಕಡೆ ಅಘನಾಶಿನಿ ನದಿಗೆ ಸೇರುವ ಒಂದು ಹಳ್ಳದ ತಲೆಯಲ್ಲಿ ನಿಮ್ಮ ಅಜ್ಜನ ಕಾಲದ ಅಡಿಕೆ ತೋಟ ಇದೆ, ಅದರ ಮೇಲ್ಗಡೆ ಸೊಪ್ಪಿನಬೆಟ್ಟ, ಅಂದರೆ ತೋಟದ ಗೊಬ್ಬರಕ್ಕೆ ಸೊಪ್ಪು-ದರಕು ತರಲು ಬಿಟ್ಟ ಕಾಡು. ಹಿಂದೆ ವರ್ಷವಿಡೀ ಹರಿಯುತ್ತಿದ್ದ ಹಳ್ಳ ಈಗ ಶಿವರಾತ್ರಿಗೇ ನಿಲ್ಲುತ್ತದೆ. ಬೆಂಗಳೂರು ಬಿಟ್ಟು ಊರಿಗೆ ಬಂದಿದ್ದೀರಿ. ಹಳ್ಳಕ್ಕೆ ನಾಲ್ಕೈದು ಚೆಕ್ ಡ್ಯಾಮ್ ಕಟ್ಟಿ, ಬೆಟ್ಟದಲ್ಲಿ ಸಾವಿರ ಗಿಡ ನೆಟ್ಟರೆ ನೀರೂ ಬರುತ್ತದೆಯೇ, ಹಕ್ಕಿ-ಪ್ರಾಣಿಗಳೂ ಬರುತ್ತವೆಯೇ ಎಂದು ಕೇಳಿದ್ದೀರಿ.

ನಾನು ಶಿರಸಿ ತಾಲೂಕಿನವಳು. ನಮ್ಮ ಕೇರಿಯ ಐದು ಮನೆಯವರು ಸೇರಿ ಹದಿನಾಲ್ಕು ವರ್ಷದಿಂದ ನಮ್ಮ ಹಳ್ಳದ ತಲೆಯ ಬೆಟ್ಟವನ್ನು ನೋಡಿಕೊಳ್ಳುತ್ತಿದ್ದೇವೆ. ಆ ಅನುಭವದ ಮೇಲೆ ಹೇಳುತ್ತೇನೆ: ಚೆಕ್ ಡ್ಯಾಮನ್ನು ಸದ್ಯಕ್ಕೆ ಮರೆತುಬಿಡಿ. ಸಾವಿರ ಗಿಡವೂ ಬೇಡ. ಮೊದಲು ಬೆಟ್ಟದ ನೆತ್ತಿಗೆ ಹತ್ತಿ, ಅಲ್ಲಿಯ ಮಣ್ಣು ಹೇಗಿದೆ ನೋಡಿ.

ಯಾಕೆಂದು ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ನಾಲ್ಕು ಸಾವಿರ ಲೀಟರ್ ನೀರು. ನಮ್ಮಲ್ಲಿ ವರ್ಷಕ್ಕೆ 2500 ಮಿಲಿಮೀಟರ್ ಮಳೆ ಎಂದು ಹಿಡಿದರೂ ಎಕರೆಗೆ ಒಂದು ಕೋಟಿ ಲೀಟರ್ ಆಯಿತು. ಹಳ್ಳದಲ್ಲಿ ನೀವು ಎಷ್ಟೇ ದೊಡ್ಡ ಕಟ್ಟೆ ಕಟ್ಟಿ, ಇದರ ಒಂದು ಮೂಲೆಗೂ ಅದು ಸಾಲದು. ಇಷ್ಟು ನೀರು ಹಿಡಿದಿಡುವ ಪಾತ್ರೆ ಬೆಟ್ಟದ ಮಣ್ಣೊಂದೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕುಡಿದ ನೀರನ್ನು ಅದು ಬೇಸಿಗೆಯಲ್ಲಿ ಒರತೆಯಾಗಿ ಬಿಟ್ಟುಕೊಡಬೇಕು. ಕುಡಿಯಬೇಕಾದರೆ ನೆಲದ ಮೇಲೆ ದರಕು, ಅಂದರೆ ಉದುರಿದ ಒಣ ಎಲೆ ಇರಬೇಕು, ಒಳಗೆ ಎರೆಹುಳ, ಗೆದ್ದಲು, ಕೊಳೆತ ಬೇರು ಮಾಡಿದ ತೂತುಗಳಿರಬೇಕು. ನಮ್ಮ ಜಿಲ್ಲೆಯಲ್ಲೇ ಮಣ್ಣಿಗೆ ನೀರು ಎಷ್ಟು ಬೇಗ ಇಳಿಯುತ್ತದೆ ಎಂದು ವಿಜ್ಞಾನಿಗಳು ಅಳೆದಿದ್ದಾರೆ. ಹಳೆಯ ಕಾಡಿನ ಮಣ್ಣಿನಲ್ಲಿ ಎಲ್ಲಕ್ಕಿಂತ ಹೆಚ್ಚು, ಬೋಳು ನೆಲದಲ್ಲಿ ತೀರ ಕಡಿಮೆ, ಹೊರದೇಶದಿಂದ ಬಂದ ಅಕೇಶಿಯಾ ಮರದ ನೆಡುತೋಪು ಇವೆರಡರ ನಡುವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಪಶ್ಚಿಮಘಟ್ಟದ ಹಳ್ಳಗಳನ್ನು ನೋಡಿ ಹೇಳಿದ್ದೂ ಇದಕ್ಕೆ ಹೊಂದುತ್ತದೆ: ಜಲಾನಯನದಲ್ಲಿ ಶೇಕಡ 60ಕ್ಕಿಂತ ಹೆಚ್ಚು ಸ್ಥಳೀಯ ಜಾತಿಯ ಕಾಡಿದ್ದರೆ ಹಳ್ಳ ಹನ್ನೆರಡು ತಿಂಗಳೂ ಹರಿಯುತ್ತದೆ.

ನಿಮ್ಮ ಬೆಟ್ಟದಲ್ಲಿ ಏನಾಗಿರಬಹುದು ಎಂದು ಊಹಿಸುವುದು ನನಗೆ ಕಷ್ಟವಲ್ಲ, ನಮ್ಮದೂ ಹಾಗೆಯೇ ಇತ್ತು. ಈ ಜಿಲ್ಲೆಯಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟದ ಸೌಲಭ್ಯ ಬ್ರಿಟಿಷರ ಕಾಲದಿಂದ ಇದೆ. ಸೊಪ್ಪು ಕಡಿದೂ ಕಡಿದೂ ಮತ್ತಿ, ಕವಲು, ಹೊನ್ನೆ ಮರಗಳೆಲ್ಲ ಕೊಂಬೆಯೇ ಇಲ್ಲದ ಗೂಟಗಳಾಗಿದ್ದವು. ದರಕನ್ನು ಒಂದೆಲೆ ಬಿಡದೆ ಗುಡಿಸಿ ಕೊಟ್ಟಿಗೆಗೆ ತರುತ್ತಿದ್ದೆವು. ಉಳಿದ ಹುಲ್ಲಿಗೆ ಫೆಬ್ರುವರಿಯಲ್ಲಿ ಯಾರೋ ಬೆಂಕಿ ಇಡುತ್ತಿದ್ದರು. ಜೂನ್‌ನ ಮೊದಲ ಮಳೆಗೆ ನೆಲ ಸಿಮೆಂಟಿನ ಅಂಗಳದಂತೆ ಇರುತ್ತಿತ್ತು, ಕೆಂಪು ನೀರು ಹಳ್ಳಕ್ಕೆ ನುಗ್ಗುತ್ತಿತ್ತು.

ನಾವು ಮಾಡಿದ ದೊಡ್ಡ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ, ನೀವು ಮಾಡದಿರಲಿ. ಹಳ್ಳ ಹುಟ್ಟುವಲ್ಲಿ ನಮಗೊಂದು ಜಡ್ಡಿ, ಅಂದರೆ ಜೌಗು ನೆಲ ಇತ್ತು. ಕಾಲಿಟ್ಟರೆ ಮೊಣಕಾಲುದ್ದ ಹೂಳುವ ಕೆಸರು, ಮುಂಡಿಗೆ ಪೊದೆ, ಜಾಯಿಕಾಯಿಯ ಜಾತಿಯ ನಾಲ್ಕು ರಾಮಪತ್ರೆ ಮರ. ಅಲ್ಲೊಂದು ಕೆರೆ ಮಾಡಿದರೆ ನೀರು ನಿಲ್ಲುತ್ತದೆ ಎಂದು ಜೆಸಿಬಿ ತರಿಸಿ ಒಂದೇ ದಿನದಲ್ಲಿ ತೋಡಿಸಿದೆವು. ಆ ಮಳೆಗಾಲ ಕೆರೆ ತುಂಬಿ ತುಳುಕಿತು, ಎಲ್ಲರಿಗೂ ಖುಷಿ. ಡಿಸೆಂಬರ್‌ಗೆ ತಳ ಕಂಡಿತು. ಆ ಕೆಸರೇ ಸ್ಪಂಜಿನಂತೆ ನೀರು ಹಿಡಿದು ನಿಧಾನವಾಗಿ ಬಿಡುತ್ತಿತ್ತು, ತಳದ ಜೇಡಿಯೇ ಅದನ್ನು ಕೆಳಗೆ ಸೋರದಂತೆ ತಡೆದಿತ್ತು. ಎರಡನ್ನೂ ನಾವೇ ಕಿತ್ತು ದಂಡೆಗೆ ಹಾಕಿದ್ದೆವು. ರಾಮಪತ್ರೆಯ ಎರಡು ಮರ ಮರುವರ್ಷ ಒಣಗಿದವು. ಆ ಮರಗಳು ಜಡ್ಡಿಯಲ್ಲಿ ಉಸಿರಾಡಲು ಬೇರನ್ನು ಮಂಡಿಯಂತೆ ಮಡಚಿ ಮೇಲೆತ್ತುತ್ತವೆ. ಅಂಥ ಬೇರು ನಿಮ್ಮ ಹಳ್ಳದ ತಲೆಯಲ್ಲಿ ಎಲ್ಲಾದರೂ ಕಂಡರೆ ದಯವಿಟ್ಟು ಅಲ್ಲಿ ಗುದ್ದಲಿಯನ್ನೂ ಇಡಬೇಡಿ. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಲ್ಲಿ ಇಂಥ ಜೌಗು ಕಾಡು ಇನ್ನೂ ಉಳಿದಿದೆ. ಒಮ್ಮೆ ಹೋಗಿ ನೋಡಿ, ನಿಮ್ಮ ಹಳ್ಳದ ತಲೆ ಹೇಗಿರಬೇಕಿತ್ತು ಎಂಬುದು ಅಲ್ಲಿ ಕಾಣುತ್ತದೆ.

ಆಮೇಲೆ ನಾವು ಮಾಡಿದ್ದು ಬಹಳ ಸಾಧಾರಣ ಕೆಲಸ. ಬೆಟ್ಟದ ಮೇಲಿನ ಅರ್ಧದಲ್ಲಿ ಸೊಪ್ಪು ಕಡಿಯುವುದನ್ನೂ ದರಕು ಗುಡಿಸುವುದನ್ನೂ ನಿಲ್ಲಿಸಿದೆವು. ಜನವರಿಯಲ್ಲಿ ಸುತ್ತ ಬೆಂಕಿ ಗೆರೆ ಸವರಿ, ಮೇವರೆಗೆ ಸರದಿಯಂತೆ ಕಾದೆವು. ದನ ನುಗ್ಗದಂತೆ ಒಣಗಿದ ಮುಳ್ಳಿನ ಬೇಲಿ. ಇಷ್ಟಕ್ಕೇ ಮೂರನೇ ವರ್ಷ ಹಳೆಯ ಬೊಡ್ಡೆಗಳಿಂದ ಚಿಗುರು ಆಳೆತ್ತರ ಬಂತು. ಬೇರು ಮೊದಲೇ ಇತ್ತಲ್ಲ, ನರ್ಸರಿ ಗಿಡ ಅದಕ್ಕೆ ಸರಿಸಮ ಆಗುವುದಿಲ್ಲ. ಗೊಬ್ಬರಕ್ಕೆ ಏನು ಮಾಡುವುದು ಎಂದು ಮನೆಯಲ್ಲಿ ಜಗಳವೇ ಆಯಿತು. ಅಡಿಕೆ ಸೋಗೆ, ಬಾಳೆದಿಂಡು, ತೋಟದ ಕಳೆಯನ್ನು ಅಲ್ಲೇ ಮುಚ್ಚುವುದು ರೂಢಿಯಾದ ಮೇಲೆ ದರಕಿನ ಬೇಡಿಕೆ ತಾನಾಗಿ ಕಡಿಮೆಯಾಯಿತು.

ಅಕೇಶಿಯಾ ಇದ್ದರೆ ಒಂದೇ ಸಲ ಕಡಿಸುವ ಆವೇಶ ಬೇಡ. ಬಿಸಿಲು ಬಿದ್ದ ಕೂಡಲೇ ಯುಪಟೋರಿಯಂ ಕಳೆಯ ಪೊದೆ ಹಬ್ಬಿ ನೆಲವನ್ನೆಲ್ಲ ಮುಚ್ಚುತ್ತದೆ. ಅಕೇಶಿಯಾದ ನೆರಳಿನಲ್ಲೇ ದಾಲ್ಚಿನ್ನಿ, ಮುರುಗಲು ಸಸಿಗಳು ಎದ್ದಿರುತ್ತವೆ, ಹುಡುಕಿ. ಅವುಗಳ ಸುತ್ತಲಿನ ಅಕೇಶಿಯಾವನ್ನು ಮಾತ್ರ ವರ್ಷಕ್ಕಿಷ್ಟು ಎಂದು ತೆಗೆಸುತ್ತ ಬನ್ನಿ. ಬೆಟ್ಟ ಕಾನೂನಿನಲ್ಲಿ ಅರಣ್ಯವೇ ಆದ್ದರಿಂದ ಮರ ಕಡಿಯುವುದಕ್ಕೂ ಮಣ್ಣು ತೋಡುವುದಕ್ಕೂ ಅನುಮತಿ ಬೇಕು. ಗ್ರಾಮ ಅರಣ್ಯ ಸಮಿತಿಯ ಮೂಲಕ ಹೋದರೆ ಸುಲಭ.

ಇಂಗುಗುಂಡಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಹಲವರಿಗೆ ಹಿಡಿಸುವುದಿಲ್ಲ. ಸಮತಟ್ಟು ಬೇಣದಲ್ಲಿ (ಹುಲ್ಲು ಬೆಳೆಯುವ ಬಯಲಿನಲ್ಲಿ), ಜಂಬಿಟ್ಟಿಗೆ ಕಲ್ಲಿನ ಕೆಂಪು ನೆಲದಲ್ಲಿ ಧಾರಾಳವಾಗಿ ಮಾಡಿ. ಕಡಿದಾದ ಇಳಿಜಾರಿನಲ್ಲಿ, ಮಣ್ಣು ದಪ್ಪವಿದ್ದಲ್ಲಿ ಸಾಲು ಅಗಳ (ಉದ್ದ ಕಂದಕ) ತೋಡಿ ನೀರು ನಿಲ್ಲಿಸಲೇಬೇಡಿ. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟಗಳೇ ಕೊಚ್ಚಿಹೋದದ್ದನ್ನು ನಾವು ಕಂಡಿದ್ದೇವೆ. ಎರಡು ದಿನದಲ್ಲಿ ತಿಂಗಳ ಮಳೆ ಸುರಿಯುವ ಕಾಲ ಇದು. ಇಳಿಜಾರನ್ನು ಹಿಡಿದುಕೊಳ್ಳಲು ಆಳ ಬೇರಿನ ಮರ, ಅದರ ಕೆಳಗೆ ಪೊದೆ, ಅದರ ಕೆಳಗೆ ಹುಲ್ಲು ಎಲ್ಲವೂ ಬೇಕು. ಮೊದಲಿನಿಂದಲೂ ಹುಲ್ಲುಗಾವಲಾಗಿರುವ ನೆತ್ತಿಯಲ್ಲಿ ಗಿಡ ನೆಡುವುದೂ ಬೇಡ. ಹುಲ್ಲೇ ಅಲ್ಲಿ ಮಣ್ಣು ಕಾಯುತ್ತದೆ.

ಗಿಡ ನೆಡುವ ಆಸೆ ತೀರದಿದ್ದರೆ ಹಳ್ಳದ ಎರಡೂ ದಂಡೆಗೆ ನೆಡಿ: ಹೊಳೆಮತ್ತಿ, ನೇರಳೆ, ಅತ್ತಿ, ವಾಟೆ, ಬೆತ್ತ. ದಂಡೆಯಲ್ಲಿ ನೆರಳು ಬಿದ್ದರೆ ನೀರು ತಂಪಾಗಿರುತ್ತದೆ, ಮೀನು-ಏಡಿಗಳು ನಿಲ್ಲುತ್ತವೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ಡ್ರಮ್ಮುಗಳನ್ನು ಹಳ್ಳದಲ್ಲಿ ತೊಳೆಯುವುದನ್ನು ಇವತ್ತೇ ನಿಲ್ಲಿಸಿ. ಅದರಲ್ಲಿರುವ ಮೈಲುತುತ್ತ (ತಾಮ್ರದ ಸಲ್ಫೇಟ್) ನೀರಿನ ಜೀವಿಗಳಿಗೆ ವಿಷ.

ಪ್ರಾಣಿಗಳನ್ನು ಯಾರೂ ತರಬೇಕಿಲ್ಲ, ಊಟ-ನೀರು ಸಿಕ್ಕಲ್ಲಿಗೆ ಬರುತ್ತವೆ. ಬಂದ ಮೇಲೆ ನೆಡುವ ಕೆಲಸವನ್ನು ಅವೇ ಮಾಡುತ್ತವೆ. ರಾಮಪತ್ರೆಯಂಥ ದೊಡ್ಡ ಬೀಜವನ್ನು ನುಂಗಿ ದೂರ ಒಯ್ದು ಹಾಕಬಲ್ಲ ಹಕ್ಕಿಗಳು ಕೆಲವೇ, ದೊಡ್ಡ ಕೊಕ್ಕಿನ ಮಂಗಟ್ಟೆ (ಹಾರ್ನ್‌ಬಿಲ್) ಅದರಲ್ಲಿ ಮುಖ್ಯವಾದದ್ದು. ಅದಕ್ಕೆ ಗೂಡಿಗೆ ಪೊಟರೆ ಬೇಕು, ಆದ್ದರಿಂದ ಟೊಳ್ಳಾದ ಮುದಿ ಮರಗಳನ್ನು ಸೌದೆಗೆಂದು ಕಡಿಯಬೇಡಿ. ಮರದಿಂದ ಮರಕ್ಕೆ ಓಡಾಡುವ ಕಪ್ಪು ಮೈಯ ಕಾಡುಮಂಗ ಸಿಂಗಳೀಕ ನೆಲಕ್ಕಿಳಿಯುವುದೇ ಅಪರೂಪ. 2011ರಲ್ಲಿ ಇಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಘೋಷಣೆಯಾಯಿತು, ಆದರೆ ಅದರ ಗಡಿಯ ಹೊರಗಿನ ನಮ್ಮಂಥವರ ಬೆಟ್ಟಗಳಲ್ಲೂ ಕೊಂಬೆಗೆ ಕೊಂಬೆ ತಾಗುವಂತಿದ್ದರೆ ಮಾತ್ರ ಅದಕ್ಕೆ ದಾರಿ. ಹುಳಿ ಹಣ್ಣಿನ ಕಾಡುಮರವಾದ ಉಪ್ಪಾಗೆಯಿಂದ ಹಣ್ಣು ಕೊಯ್ಯುವಾಗ ಮರದಲ್ಲಿ ಒಂದಿಷ್ಟು ಹಣ್ಣು ಬಿಡಿ, ಅದು ಸಿಂಗಳೀಕನ ಮಳೆಗಾಲದ ಊಟ.

ಇನ್ನೊಂದು ಜೀವಿಯ ಬಗ್ಗೆ ಹೇಳದೆ ಇರಲಾರೆ. ಕತ್ತಲೆಕಾನಿನ ಕುಂಬಾರ ಕಪ್ಪೆಗೆ ವಿಜ್ಞಾನದಲ್ಲಿ ಹೆಸರು ಸಿಕ್ಕಿದ್ದು 2014ರಲ್ಲಷ್ಟೇ. ನೀರಿನಿಂದ ತುಸು ಮೇಲೆ ಕಡ್ಡಿಗೋ ಕಲ್ಲಿಗೋ ಮೊಟ್ಟೆ ಇಟ್ಟ ಮೇಲೆ ಗಂಡು ಕಪ್ಪೆ ಮುಂಗಾಲಿನಿಂದ ಹಳ್ಳದ ಮಣ್ಣು ತಂದು ಅದರ ಮೇಲೆ ಮೆತ್ತುತ್ತದೆ. ಕಾಡೊಳಗಿನ ಇಂಥ ಪುಟ್ಟ ತೊರೆಗಳೇ ಅದರ ಮನೆ. ಚೆಕ್ ಡ್ಯಾಮ್ ಕಟ್ಟಿ ತೊರೆಯನ್ನು ನಿಂತ ನೀರಿನ ಗುಂಡಿಗಳ ಸಾಲು ಮಾಡಿದರೆ ಅದು ಎಲ್ಲಿಗೆ ಹೋಗಬೇಕು ಎಂಬ ಯೋಚನೆ ನನಗೆ ಯಾವಾಗಲೂ ಬರುತ್ತದೆ.

ಕಷ್ಟವನ್ನೂ ಮುಚ್ಚಿಡುವುದಿಲ್ಲ. ಹಂದಿ ಬಂತು, ಮಂಗ ಬಂತು, ಬಾಳೆ ಹೋಯಿತು. ಐದು ಮನೆಯಲ್ಲಿ ಒಂದು ಮನೆಯವರು ಇದರಿಂದಲೇ ಬೇಸತ್ತು ಎರಡು ವರ್ಷ ದೂರ ಉಳಿದರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಡಿಸೆಂಬರ್‌ನಿಂದ ಮೇವರೆಗೆ ಬೆಟ್ಟಕ್ಕೆ ಹೋಗುವಾಗ ಉಣುಗು ಕಚ್ಚದಂತೆ ಎಣ್ಣೆ ಹಚ್ಚಿಕೊಂಡೇ ಹೋಗಿ, ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಸೀಮೆ ನಮ್ಮದು.

ಇನ್ನು ನೀರಿನ ಹಂಚಿಕೆ. ಒರತೆಯ ಬಾಯಿಗೇ ಎಲ್ಲರೂ ಪೈಪ್ ಇಟ್ಟರೆ ಬೆಟ್ಟ ಕೊಟ್ಟ ನೀರು ಹಳ್ಳಕ್ಕೆ ಇಳಿಯುವುದೇ ಇಲ್ಲ. ನಾವು ರಾತ್ರಿ ಪೈಪುಗಳನ್ನು ಎತ್ತಿಡುತ್ತೇವೆ. ಅಘನಾಶಿನಿಗೆ ಮೂಲದಿಂದ ಸಮುದ್ರದವರೆಗೆ ದೊಡ್ಡ ಅಣೆಕಟ್ಟು ಇಲ್ಲ. ನೀವು ಬಿಟ್ಟ ನೀರು ಉಂಚಳ್ಳಿ ಜಲಪಾತದಲ್ಲಿ 116 ಮೀಟರ್ ಧುಮುಕಿ, ಕುಮಟಾದ ಅಳಿವೆಯಲ್ಲಿ ಬಳಚು (ತಿನ್ನುವ ಚಿಪ್ಪುಜೀವಿ) ಆರಿಸುವ ಹೆಂಗಸರವರೆಗೆ ಹೋಗುತ್ತದೆ. 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಆ ಅಳಿವೆಯಲ್ಲಿ ಸಿಹಿನೀರು-ಉಪ್ಪುನೀರು ಹದವಾಗಿ ಬೆರೆಯುವುದು ಮೇಲಿನಿಂದ ಹರಿವು ಬಂದರೆ ಮಾತ್ರ.

ಕೆಲಸ ಶುರು ಮಾಡುವ ಮೊದಲು ಒಂದು ನೋಟ್‌ಬುಕ್ ಇಡಿ. ದೀಪಾವಳಿ ಕಳೆದ ಮೇಲೆ ವಾರಕ್ಕೊಮ್ಮೆ, ಹಳ್ಳಕ್ಕೆ ಇಕ್ಕಟ್ಟಾದ ಜಾಗದಲ್ಲಿ ಸಣ್ಣ ಮಣ್ಣಿನ ಒಡ್ಡು ಹಾಕಿ ಪೈಪೊಂದರಲ್ಲಿ ನೀರು ಹಾಯಿಸಿ, ಹದಿನೈದು ಲೀಟರಿನ ಬಕೆಟ್ ತುಂಬಲು ಎಷ್ಟು ಸೆಕೆಂಡು ಹಿಡಿಯಿತು ಎಂದು ಬರೆಯಿರಿ. ಅಳೆದ ಮೇಲೆ ಒಡ್ಡು ತೆಗೆದುಬಿಡಿ. ಹರಿವು ನಿಂತ ದಿನವನ್ನು ಕೆಂಪು ಶಾಯಿಯಲ್ಲಿ ಬರೆಯಿರಿ. ನಮ್ಮ ಪುಸ್ತಕದಲ್ಲಿ ಮೊದಲ ವರ್ಷದ ಕೆಂಪು ಸಾಲು ಶಿವರಾತ್ರಿಗೂ ಮೊದಲಿತ್ತು. ಆರನೇ ವರ್ಷ ಯುಗಾದಿ ದಾಟಿತು. ಹೋದ ವರ್ಷದ ಪುಟದಲ್ಲಿ ಕೆಂಪು ಸಾಲು ಇಲ್ಲ, ಮೇ ಕೊನೆಯಲ್ಲಿ ಬಕೆಟ್ ತುಂಬಲು ನಾಲ್ಕು ನಿಮಿಷ ಹಿಡಿಯಿತು ಎಂದಿದೆ.